ಚೆಂಡು ಮುಟ್ಟದವನ ಸಂಬಳ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಮೋಡ, ಜಿನುಗು ಮಳೆ, ಚಳಿ ಅಷ್ಟಿಲ್ಲ.

ವರ್ಷಗಟ್ಟಲೆ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದರೆ ಪಕ್ಕದ ಸೀಟಿನವರ ಸಂಸಾರ ಅರ್ಧ ನಮ್ಮದೇ ಆಗಿಬಿಡುತ್ತದೆ. ಅದರೊಳಗಿನ ತಮಾಷೆಗಳೂ ಪಾಲಿಗೆ ಬರುತ್ತವೆ, ನಿಲ್ಲುವುದೇ ಇಲ್ಲ. ವುಡಿನ್‌ವಿಲ್‌ನಿಂದ ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ವರೆಗೆ ನನಗೆ ಧಾರವಾಡದ ಗೆಳೆಯರೊಬ್ಬರು ಜೊತೆ. ನಾನು ಮೈಸೂರಿನವನು, ಡ್ರೈವ್ ಮಾಡುತ್ತೇನೆ. ಅವರು ಮಾತಾಡುತ್ತಾರೆ. ಈಚೆಗೆ ಮಾತೆಲ್ಲ ಮಗನದು. ಇಲ್ಲೇ ಹುಟ್ಟಿ, ಬಾಗಿಲು ತುಂಬುವಂತೆ ಬೆಳೆದು, ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ ಮಗ.

ಪಂಕ್ತಿಭೇದ

ಆ ಆಟದಲ್ಲಿ ಒಬ್ಬ ಚೆಂಡು ಎಸೆಯುತ್ತಾನೆ. ಅವನ ಮೇಲೆ ಎದುರಾಳಿಗಳು ಬೀಳದಂತೆ ಐದು ಜನ ಗೋಡೆಯಾಗಿ ನಿಲ್ಲುತ್ತಾರೆ. ಗೆಳೆಯರ ಮಗ ಆ ಗೋಡೆಯಲ್ಲೊಬ್ಬ. ಚೆಂಡು ಮುಟ್ಟುವುದು ಅವನ ಕೆಲಸವಲ್ಲ.

ಇದನ್ನು ಅವನ ತಾಯಿಗೆ ಯಾರೂ ಹೇಳಿರಲಿಲ್ಲ. ಒಂದು ಪಂದ್ಯ ಮುಗಿದ ಮೇಲೆ ಅವರು ನೇರ ಕೋಚ್ ಹತ್ತಿರ ಹೋದರು. ನಾನೂ ಹಿಂದೆ ನಿಂತಿದ್ದೆ.

"ಎಲ್ಲಾರ್ಗೂ ಚೆಂಡು ಕೊಟ್ರಿ. ನನ್ನ ಮಗಗ ಯಾಕ ಕೊಡಲಿಲ್ಲಂತ ಕೇಳ್ರಿ," ಎಂದು ಗಂಡನನ್ನು ಮುಂದೆ ತಳ್ಳಿದರು. "ಪಂಕ್ತಿಯೊಳಗ ಒಬ್ಬನ್ನ ಬಿಟ್ಟು ಬಡಸ್ತಾರೇನು?"

ಗೆಳೆಯರು ಹೇಗೋ ಇಂಗ್ಲಿಷಿಗೆ ತಿರುಗಿಸಿದರು. ಕೋಚ್ ಟೋಪಿ ತೆಗೆದು ಬಹಳ ಮರ್ಯಾದೆಯಿಂದ ಹೇಳಿದರು: "ಅಮ್ಮಾ, ನಿಮ್ಮ ಮಗನ ಕೈಗೆ ಚೆಂಡು ಬಂತು ಅಂದರೆ ಅವತ್ತು ನಾವು ಮುಳುಗಿದೆವು ಅಂತ ಅರ್ಥ."

ಸಂದರ್ಶನ

ಕಾಲೇಜು ಮುಗಿಯಿತು. ಇಲ್ಲಿನ ದೊಡ್ಡ ತಂಡಗಳು ಯಾವುವೂ ಕರೆಯಲಿಲ್ಲ. ಕರೆದದ್ದು ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಊರಿನ ಕ್ಲಬ್ಬು. ಅಲ್ಲೂ ಈ ಆಟದ ಲೀಗ್ ಇದೆಯಂತೆ. ತಂಡಕ್ಕೆ ಒಬ್ಬಿಬ್ಬರು ಅಮೆರಿಕದವರನ್ನು ಕರೆಸಿಕೊಳ್ಳುತ್ತಾರಂತೆ.

ವಿಡಿಯೋ ಕಾಲ್‌ನಲ್ಲಿ ಮಗನ ಪಕ್ಕ ಅಪ್ಪನೂ ಕೂತರು. ಆ ಕಡೆ ಕ್ಲಬ್ಬಿನ ಮ್ಯಾನೇಜರ್, ವೃತ್ತಿಯಲ್ಲಿ ಬಡಗಿ. ಇರಲು ರೂಮು, ಊಟಕ್ಕೆ ಒಂದು ಹೋಟೆಲು, ತಿಂಗಳಿಗೆ ಸಣ್ಣ ಸಂಬಳ ಎಂದರು.

"ಬೋನಸ್ ಹೆಂಗೆ?" ಎಂದು ಅಪ್ಪನ ಇಪ್ಪತ್ತೈದು ವರ್ಷದ ಸಾಫ್ಟ್‌ವೇರ್ ಅನುಭವ ಕೇಳಿತು.

"ಗೆದ್ದರೆ ಹೊಟ್ಟೆ ತುಂಬ ಚೀಸ್."

"ಸೋತರೆ?"

"ಸೋತರೂ ಚೀಸೇ. ಊರಲ್ಲಿ ಬೇರೆ ಏನೂ ಸಿಗೋದಿಲ್ಲ."

ತಾಯಿ ಷರತ್ತು ಹಾಕಿದರು. ಒಂದು ಸೀಸನ್ ಹೋಗಿ ಬರಲಿ. ಹೇಳಿದ ಸಂಬಳ ಪೂರ್ತಿ ಕೊಟ್ಟರೆ ಮುಂದಿನ ವರ್ಷವೂ ಹೋಗಲಿ. ಒಂದು ಕಾಸು ಕಡಿಮೆಯಾದರೂ ಆಟಕ್ಕೆ ಕೈಮುಗಿದು ಕ್ಯಾನ್ಯನ್ ಪಾರ್ಕ್‌ನಲ್ಲಿ ಪರಿಚಯದವರ ಕಂಪನಿ ಸೇರಬೇಕು. ಮಗ ಎಂದಿನಂತೆ ಇಂಗ್ಲಿಷಿನಲ್ಲಿ 'ಡೀಲ್' ಅಂದ. ಆಮೇಲೆ ಮ್ಯಾನೇಜರಿಗೆ ಒಂದು ಮೆಸೇಜ್ ಕಳಿಸಿದನಂತೆ: "ಸಂಬಳ ತಪ್ಪಿಸಬೇಡಿ. ಎದುರು ತಂಡ ಪರವಾಗಿಲ್ಲ, ನಮ್ಮಮ್ಮ ಕಷ್ಟ."

ಬೆಂಕಿ

ಅಲ್ಲಿ ಮಧ್ಯಾಹ್ನದ ಆಟ ಇಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಬರುತ್ತದೆ. ತಾಯಿ ಲ್ಯಾಪ್‌ಟಾಪ್ ಅಡುಗೆಮನೆಗೇ ತಂದಿಟ್ಟುಕೊಂಡಿದ್ದರು. ಅವನ ತಂಡದಲ್ಲಿ ಚೆಂಡೆಸೆಯುವವನು ಹಲ್ಲಿನ ಡಾಕ್ಟರು. ಉಳಿದವರು ಮೇಷ್ಟ್ರು, ಎಲೆಕ್ಟ್ರಿಷಿಯನ್, ಬೇಕರಿಯವನು. ಊರಿನ ಅಗ್ನಿಶಾಮಕ ದಳವೂ ಇವರೇ.

ಒಂದು ದಿನ ಆಟದ ನಡುವೆ ಸೈರನ್ ಕೂಗಿತು. ಹಲ್ಲಿನ ಡಾಕ್ಟರು ಚೆಂಡು ಕೆಳಗಿಟ್ಟು ಓಡಿದರು. ತಂಡ ಅವರ ಹಿಂದೆ. ಪಕ್ಕದೂರಿನವರಾದ್ದರಿಂದ ಎದುರಾಳಿಗಳೂ ಸಹಾಯಕ್ಕೆ ಹೊರಟರು. ಕೊನೆಗೆ ಅಂಪೈರ್ ಕೂಡ. ಮೈದಾನದಲ್ಲಿ ಉಳಿದದ್ದು ನಮ್ಮವನು ಮತ್ತು ಚೆಂಡು.

ಗೆಳೆಯರು ಗಾಬರಿಯಿಂದ ಪರದೆಗೆ ಮುಖ ಇಟ್ಟಿದ್ದಾಗ ಒಲೆಯ ಕಡೆಯಿಂದ ಹೆಂಡತಿ ಕೂಗಿದರಂತೆ: "ಈಗರೆ ಎತ್ಕೊಂಡು ಓಡಂತ ಫೋನ್ ಮಾಡ್ರಿ ಅವಂಗ! ತಡಿಯವರು ಒಬ್ರೂ ಇಲ್ಲ!"

ವಾರಾನ್ನ

ಮೇ ತಿಂಗಳಲ್ಲಿ ಊಟ ಹಾಕುತ್ತಿದ್ದ ಹೋಟೆಲು ಮುಚ್ಚಿತು. ಕ್ಲಬ್ಬಿಗೆ ಹಣ ಕೊಡುತ್ತಿದ್ದವರೂ ಆ ಹೋಟೆಲಿನವರೇ, ಹಾಗಾಗಿ ಸಂಬಳವೂ ನಿಂತಿತು. ಮಗ ಮನೆಯವರ ಮುಂದೆ ಬಾಯಿ ಬಿಡಲಿಲ್ಲ. ಬಿಟ್ಟರೆ ಕ್ಯಾನ್ಯನ್ ಪಾರ್ಕ್. ಆಟಗಾರರೇ ಸರದಿ ಹಾಕಿಕೊಂಡು ಅವನನ್ನು ಊಟಕ್ಕೆ ಕರೆದರು. ಸೋಮವಾರ ಡಾಕ್ಟರ ಮನೆ, ಮಂಗಳವಾರ ಮೇಷ್ಟ್ರ ಮನೆ.

ವಿಷಯ ಹೇಗೋ ಹೊರಬಿತ್ತು. ಗೆಳೆಯರಿಗೆ ಸಿಟ್ಟು ಬರುವ ಬದಲು ಕಣ್ಣು ತುಂಬಿತು. "ನಮ್ಮ ಅಜ್ಜ ಧಾರವಾಡದಾಗ ವಾರಾನ್ನ ಉಂಡು ಓದಿದವರು ರೀ. ಈ ಮಗ ಸಿಯಾಟಲ್‌ದಾಗ ಹುಟ್ಟಿ ಸ್ವಿಟ್ಜರ್ಲೆಂಡಿನಾಗ ವಾರಾನ್ನ ಉಣ್ಣಲಿಕತ್ತಾನ!"

ಹೆಂಡತಿ ಮಾತ್ರ ಕರಗಲಿಲ್ಲವಂತೆ. "ಅಜ್ಜಗ ದಿನಕ್ಕ ಒಂದು ಮನಿ ಸಾಕಾಗತಿತ್ತು. ಇವನ ಹೊಟ್ಟಿಗೆ ಆ ಊರಾಗ ಅಷ್ಟು ಮನಿ ಅವ ಏನು, ಮೊದಲು ಕೇಳ್ರಿ."

ಲೆಕ್ಕ ಚುಕ್ತಾ

ಸೀಸನ್ ಮುಗಿಸಿ ಮಗ ವಾಪಸ್ ಬಂದ. ಬಾಕಿ ಸಂಬಳವನ್ನು ಅಕ್ಟೋಬರಿನಲ್ಲಿ ತೀರಿಸುತ್ತೇವೆ ಎಂದು ಕ್ಲಬ್ಬು ಹೇಳಿತ್ತು. ಕ್ಯಾನ್ಯನ್ ಪಾರ್ಕ್‌ನವರೂ ತಾಯಿಯೂ ಅಲ್ಲಿಯವರೆಗೆ ಕಾಯಲು ಒಪ್ಪಿದ್ದರು. ಇವತ್ತು ಬೆಳಿಗ್ಗೆ ಗೆಳೆಯರು ಕಾರು ಹತ್ತಿದವರು ಮಳೆಯ ಮಾತೇ ಆಡುತ್ತಿದ್ದರು. ಬಾತೆಲ್ ದಾಟಿದ ಮೇಲೆ ಸಂಬಳದ ವಿಷಯ ನಾನೇ ಕೇಳಬೇಕಾಯಿತು.

"ನಿನ್ನೆ ಮ್ಯಾನೇಜರ್ ವಿಡಿಯೋ ಕಾಲ್ ಮಾಡಿದ್ದ. 'ಅಮ್ಮ, ನೀನೂ ಬಾ' ಅಂತ ಮಗನೇ ಕರದ. ಇವಳು ದೇವರ ಮುಂದಿನಿಂದ ಎದ್ದು ಬಂದಳು. ನೋಡಿದ್ರ, ಕೊಟ್ಟಿಗಿ! ಒಂದು ಹೋರಿಕರ ನಿಂತದ. ಕೊರಳಾಗ ಗಂಟಿ, ಹೂವಿನ ಮಾಲಿ."

"ಕರು ಯಾಕೆ?"

"ಕ್ಲಬ್ಬಿನ ಕಡೆ ರೊಕ್ಕ ಇಲ್ಲ. ಕಮಿಟಿಯೊಳಗ ಒಬ್ಬ ರೈತ ಇದ್ದಾನ. ಕುಸ್ತಿ ಗೆದ್ದವರಿಗೆ ಹೋರಿ ಕೊಡೋದು ಅಲ್ಲಿ ಪದ್ಧತಿ ಅಂತ. ಹಂಗಂತ ಬಾಕಿ ಸಂಬಳಕ್ಕ ಇದನ್ನ ಕೊಟ್ಟಾನ. ಇವಳು ಕೈಮುಗದು ನಿಂತುಬಿಟ್ಟಳು. ಕುಂಕುಮ ಹಚ್ಚಲಿಕ್ಕೆ ಪರದಿ ತನಕ ಕೈ ಹೋಗಿತ್ತು. ಅಷ್ಟರಾಗ ಮ್ಯಾನೇಜರ್ ಅಂದ, 'ಚಿಂತಿ ಮಾಡಬ್ಯಾಡ್ರಿ, ಕಟುಕನ ಜೊತಿ ಮಾತಾಡೀನಿ. ನಾಳೆ ಒಯ್ತಾನ, ಸಂಬಳ ಪೂರ್ತಿ ನಿಮ್ಮ ಅಕೌಂಟಿಗೆ ಬರ್ತದ.'"

ನಾನು ವೇಗ ಕಡಿಮೆ ಮಾಡಿದೆ.

"ಆ ಮ್ಯಾನೇಜರ್ ಈ ಜನ್ಮದಾಗ ಅಷ್ಟು ಬೈಗುಳ ತಿಂದಿಲ್ಲ ಬಿಡ್ರಿ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕೊನಿಗೆ ಕಟುಕಗ ಬರಬ್ಯಾಡ ಅಂತ ಹೇಳ್ತೀನಿ ಅಂದ. ಮಗ ನೋಡ್ರಿ, ತಣ್ಣಗ ಕೂತು ಮೊಸರನ್ನ ಉಣ್ಣಲಿಕತ್ತಿದ್ದ."

"ಹಾಗಾದರೆ ಕ್ಯಾನ್ಯನ್ ಪಾರ್ಕ್?"

"ಎಲ್ಲೀ ಕ್ಯಾನ್ಯನ್ ಪಾರ್ಕ್! ಹೋರಿಕರದ ಹತ್ರ ನಮ್ಮವರೊಬ್ರು ಇರ್ಬೇಕು, ಆ ಜನರನ್ನ ನಂಬೋ ಹಂಗಿಲ್ಲ ಅಂತ ರಾತ್ರಿನೇ ಅವನ ಟಿಕೆಟ್ ಬುಕ್ ಮಾಡ್ಯಾಳ. ಮುಂದಿನ ಸೀಸನ್ ಆಡ್ತಾನ. ಅದರ ಮುಂದಿಂದೂ ಆಡ್ತಾನ. ಹೋರಿ ಎಷ್ಟು ವರ್ಷ ಬದಕ್ತದ್ರಿ?"

"ಅದಿರಲಿ," ಎಂದೆ. "ಕೊನೆಗೆ ಅವರು ಎಷ್ಟು ಕೊಟ್ಟ ಹಾಗಾಯಿತು?"

ಗೆಳೆಯರು ಕಿಟಕಿಯ ಕಡೆ ತಿರುಗಿದರು.

"ಅವರು ಎಲ್ಲಿ ಕೊಡ್ತಾರ್ರಿ? ಇನ್ನು ಮ್ಯಾಲೆ ನಾವ ಕೊಡಬೇಕು. ತಿಂಗಳಾ ತಿಂಗಳಾ, ಮೇವಿಗೆ."