ಎಸ್‌ಎಸ್‌ಡಿಗೆ ತೂಕಾನ ಇಲ್ಲ

ಕೈಗೆ ಸಿಕ್ಕಿದ್ದನ್ನೆಲ್ಲ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡುವುದು ನಮ್ಮಪ್ಪನ ಚಾಳಿ. ಸೀರೆ ನೇಯುವವರಿಗೆ ಅದು ಇರುವಂಥದ್ದೇ. ಆದರೆ ಅಪ್ಪ ರೊಟ್ಟಿಯನ್ನೂ ಹಾಗೇ ನೋಡುತ್ತಾರೆ, ಕರೆಂಟ್ ಬಿಲ್ಲನ್ನೂ ಹಾಗೇ ನೋಡುತ್ತಾರೆ. ಒಮ್ಮೆ ಮದುವೆಗೆ ಕರೆಯಲು ಬಂದವರ ಎದುರಿಗೇ ಲಗ್ನಪತ್ರಿಕೆ ಉಜ್ಜಿ, ಕಾಗದ ತೆಳ್ಳಗಾತಲ್ರಿ ಅಂದುಬಿಟ್ಟರು. ಆ ಮದುವೆಯಲ್ಲಿ ನಮಗೆ ಊಟಕ್ಕೆ ಏಳಿ ಎಂದವರು ಯಾರೂ ಇಲ್ಲ. ಇಂಥ ಮನೆಯಲ್ಲಿದ್ದುಕೊಂಡು ಕಂಪ್ಯೂಟರಿನ ಸಾಮಾನು ಕೊಳ್ಳಲು ಹೊರಟರೆ ಏನೇನು ಆಗಬೇಕೋ ಅದೆಲ್ಲ ಆಗಿಯೇ ಆಗುತ್ತದೆ.

ನಾರಾಯಣಪೇಟೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಸೀರೆ ಅಂಚಿನ ಡಿಸೈನು ಬಿಡಿಸಲಿಕ್ಕೆ. ಗೇಮಿಗೂ ಆಗುವಂಥದ್ದನ್ನೇ ನಾನು ಆರಿಸಿದ್ದೆ, ಅದು ಬೇರೆ ಮಾತು. ಸಂಜೆ ಹೊತ್ತು ಆನ್‌ಲೈನಿನಲ್ಲಿ ನಾಲ್ಕು ಜನರ ತಂಡದಲ್ಲಿ ಆಡುತ್ತಿದ್ದೆ. ಮನೆಯಲ್ಲಿ, ಓಣಿಯಲ್ಲಿ, ಕಾಲೇಜಿನಲ್ಲಿ ಎಲ್ಲೂ ಬಾಯಿ ಬಿಡದ ನಾನು ಮಾತಾಡುತ್ತಿದ್ದ ಜಾಗ ಅದೊಂದೇ. ಆದರೆ ನಮ್ಮ ಹಳೇ ಹಾರ್ಡ್ ಡಿಸ್ಕು ಎಷ್ಟು ನಿಧಾನವೆಂದರೆ, ನನಗೆ ಆಟ ತೆರೆದುಕೊಳ್ಳುವಷ್ಟರಲ್ಲಿ ತಂಡದ ಅರ್ಧ ಜನ ಸತ್ತಿರುತ್ತಿದ್ದರು. ಮೊದಲಾದರೆ ಕರೆಂಟ್ ಹೋಗಿತ್ತು ಅನ್ನಬಹುದಿತ್ತು. ತೆಲಂಗಾಣ ಬೇರೆ ರಾಜ್ಯವಾಯಿತು, ನಮ್ಮಲ್ಲಿ ಕರೆಂಟ್ ಹೋಗುವುದು ನಿಂತಿತು, ನನ್ನ ಆ ನೆವವೂ ಹೋಯಿತು.

ಕೊನೆಗೆ ಹೈದರಾಬಾದಿನಿಂದ ಆಡುವ ನಮ್ಮ ಕ್ಯಾಪ್ಟನ್ ಹೇಳಿಯೇಬಿಟ್ಟ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸು, ಅದರಲ್ಲಿ ತಿರುಗುವ ತಟ್ಟೆಯೇ ಇರುವುದಿಲ್ಲ, ಒತ್ತಿದ ಕೂಡಲೇ ತೆರೆಯುತ್ತದೆ. ಬರುವ ಭಾನುವಾರದ ಪಂದ್ಯಕ್ಕೂ ತಡವಾಗಿ ಬಂದರೆ ನಿನ್ನ ಜಾಗಕ್ಕೆ ಬೇರೆಯವರು. ಅಂದಿನಿಂದ ನನಗೆ ಊಟ ಸೇರಲಿಲ್ಲ.

೧. ಮಕ್ತಲ್‌ನ ಅಂಗಡಿ

ಡಿಸೈನೂ ಬೇಗ ತೆರೆಯುತ್ತದೆ ಅಂದದ್ದಕ್ಕೆ ಅಪ್ಪ ಒಪ್ಪಿ, ಇಂಗ್ಲಿಷ್ ಮೀಡಿಯಂ ಓದಿದವಳು ಅಂತ ನನ್ನನ್ನು ಮಕ್ತಲ್‌ಗೆ ಕರೆದುಕೊಂಡು ಹೋದರು. ಅಂಗಡಿಯವ ಬಬಲ್‌ಗಮ್ ಪಟ್ಟಿಯಷ್ಟು ತೆಳ್ಳಗಿನ ಒಂದು ಚೂರನ್ನು ಮೇಜಿನ ಮೇಲಿಟ್ಟ. ಎರಡು ದಿನ ವಿಡಿಯೋ ನೋಡಿ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದು ಅದನ್ನೇ. ಅಪ್ಪ ಅದನ್ನು ಎತ್ತಿ ಉಜ್ಜಿದರು.

"ಇದರಾಗ ಏನೂ ಇಲ್ಲಲ್ರಿ. ತೂಕಾನ ಇಲ್ಲ."

ಅಂಗಡಿಯವ ತಗಡಿನ ಡಬ್ಬಿಯಂಥ ಇನ್ನೊಂದನ್ನು ತಂದ. ಅಪ್ಪ ಅಂಗೈಯಲ್ಲಿ ತೂಗಿ, ಇದು ಪರವಾಗಿಲ್ಲ, ಇದಕ್ಕಿಂತ ಗಟ್ಟಿಮುಟ್ಟು ಇದ್ದರೆ ತೆಗೀರಿ ಅಂದರು. ಗಿರಾಕಿಯ ಮನಸ್ಸು ತಿಳಿದ ಅಂಗಡಿಯವ ಒಳಗೆ ಹೋಗಿ ಇಟ್ಟಂಗಿಯಂಥ ಒಂದು ಹಾರ್ಡ್ ಡಿಸ್ಕನ್ನೇ ಹೊತ್ತು ತಂದ. ಅಪ್ಪನ ಮುಖ ಅರಳಿತು. ಮಾಲು ಅಂದರೆ ಇದು ಅಂದರು. ಮನೆಯಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದ ಡಿಸ್ಕಿನ ಸ್ವಂತ ಅಣ್ಣ ಅದು.

ಬೇಡ ಅನ್ನಬೇಕು. ಆದರೆ ಅಂಗಡಿಯಲ್ಲಿ ಇನ್ನೂ ಮೂರು ಜನ ನಿಂತಿದ್ದಾರೆ. ಬೇರೆ ದಾರಿ ಕಾಣದೆ, ಪಕ್ಕದಲ್ಲೇ ನಿಂತಿದ್ದ ಅಪ್ಪನಿಗೆ ಫೋನಿನಲ್ಲಿ ಮೆಸೇಜ್ ಹಾಕಿದೆ. ಅಪ್ಪನ ಫೋನು ಟಿಣ್ ಅಂದಿತು. ಅವರು ಅದನ್ನು ಮಾರುದ್ದ ದೂರ ಹಿಡಿದು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಓದಿದರು.

"ಅಪ್ಪಾ, ಅದು ಬ್ಯಾಡ. ಮೊದಲಿಂದು ಸಣ್ಣದ ಚಲೋ ಐತಿ. ಇದನ್ನ ಜೋರಾಗಿ ಓದಬ್ಯಾಡ."

ಆ ಮೂವರೂ ನನ್ನ ಕಡೆ ನೋಡಿದರು. ನಾನು ಪ್ರಿಂಟರ್ ಶಾಯಿಯ ಡಬ್ಬಿಯ ಮೇಲಿದ್ದುದನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅಪ್ಪ ನನ್ನತ್ತ ತಿರುಗಲಿಲ್ಲ. ಅಂಗಡಿಯವನನ್ನೇ ಕೇಳಿದರು:

"ಯಾಕ ಓದಬ್ಯಾಡ ಅಂತಾಳ್ರಿ ಈಕಿ?"

೨. ಗದ್ವಾಲದ ಅತ್ತಿ

ಅಂದು ಬರಿಗೈಯಲ್ಲಿ ಬಂದೆವು. ಮೊದಲನೇ ಅಂಗಡಿಯಲ್ಲೇ ಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಭಾನುವಾರ ಹತ್ತಿರ ಬರುತ್ತಿತ್ತು.

ಅಪ್ಪನ ತಂಗಿಯನ್ನು, ಅಂದರೆ ನಮ್ಮತ್ತಿಯನ್ನು, ಕೊಟ್ಟಿರುವುದು ಗದ್ವಾಲಕ್ಕೆ. ಅಲ್ಲೂ ಸೀರೆ ನೇಯುವ ಮನೆಯೇ. ಸೀರೆಗೆ ಮೈ ಇರಬೇಕು ಅಂತ ಅಣ್ಣ, ಸೀರೆ ಹೂವಿನಂತೆ ಹಗುರ ಇರಬೇಕು ಅಂತ ತಂಗಿ. ಈ ಜಗಳ ನಾನು ಹುಟ್ಟುವ ಮೊದಲಿನಿಂದ ನಡೆದಿದೆ. ಹಾಗಾಗಿ ಅದರಾಗ ತೂಕಾನ ಇಲ್ಲ ಅಂತ ಅಪ್ಪ ಫೋನಿನಲ್ಲಿ ದೂರಿದ್ದೇ ತಡ, ಅತ್ತಿ ಎಸ್‌ಎಸ್‌ಡಿ ಅಂದರೇನು ಅಂತ ಕೇಳದೆ ಅದರ ಪಕ್ಷ ಸೇರಿಬಿಟ್ಟರು. ಶನಿವಾರ ನಮ್ಮಿಬ್ಬರನ್ನೂ ಗದ್ವಾಲಕ್ಕೆ ಕರೆಸಿಕೊಂಡರು.

ಅಂಗಡಿಯಲ್ಲಿ ಅತ್ತಿ ಸ್ಟೂಲ್ ಎಳೆದುಕೊಂಡು, ಸೀರೆ ಅಂಗಡಿಯಲ್ಲಿ ಕುಳಿತಂತೆ ಕುಳಿತರು. ಒಂದೇ ತೋರಿಸಿದರೆ ಹೆಂಗೆ, ಹಿಂದಿನದು ತೆಗೀರಿ ಅಂತ ಇದ್ದಬದ್ದ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದರು. ಒಂದು ಹಸಿರು ಚೂರನ್ನು ತೆಗೆದಿಟ್ಟು, ಇದೇ ನಮೂನೆ ನೀಲಿಯಲ್ಲಿ ಬೇಕು ಅಂದರು. ಕಂಪ್ಯೂಟರಿನ ಒಳಗೆ ಕೂರುವ ಸಾಮಾನಿನ ಬಣ್ಣ ಯಾರು ನೋಡುತ್ತಾರಮ್ಮ ಅಂತ ಅಂಗಡಿಯವ ನಕ್ಕ.

"ನೀವು ನೋಡಂಗಿಲ್ರಿ. ನಾವು ನೋಡ್ತೀವಿ."

ಆಮೇಲೆ ಅವನು ನನ್ನನ್ನು ಕೇಳಿದ, ನಿಮ್ಮ ಮದರ್‌ಬೋರ್ಡಿಗೆ ಇದು ಹೊಂದುತ್ತದೋ ಇಲ್ಲವೋ? ಆ ಪ್ರಶ್ನೆಗೆ ನಾನು ವಾರದಿಂದ ಉತ್ತರ ಉರುಹೊಡೆದಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ನಮ್ಮಣ್ಣನ ಮನಿಗೆ ಹೊಂದಂಗಿಲ್ಲ ಅಂತ ಈತನಕ ಯಾರೂ ಅಂದಿಲ್ರಿ."

ಅವರ ಬೆನ್ನ ಹಿಂದಿನಿಂದ ನಾನು ಅಂಗಡಿಯವನಿಗೆ ಹೊಂದುತ್ತದೆ, ಹೊಂದುತ್ತದೆ ಅಂತ ತಲೆಯಾಡಿಸಿದೆ. ನೀಲಿಯದನ್ನೇ ಕೊಟ್ಟ. ಪುಣ್ಯಕ್ಕೆ ಅದು ನಾನು ಬಯಸಿದ ಜಾತಿಯದೇ. ತಾನು ಆರಿಸಿದ್ದು ಹೇಗೆ ಓಡುತ್ತದೆ ನೋಡಬೇಕು ಅಂತ ಅತ್ತಿಯೂ ನಮ್ಮ ಜೊತೆ ಬಸ್ಸು ಹತ್ತಿದರು. ಅಪ್ಪ ಕಿಟಕಿ ಪಕ್ಕ ಕುಳಿತು ಡಬ್ಬಿಯನ್ನು ಅಂಗೈಯಲ್ಲಿ ತೂಗುತ್ತಲೇ ಇದ್ದರು. ಜುರಾಲಾ ಡ್ಯಾಮ್ ದಾಟಿದ ಮೇಲೆ ಒಂದೇ ಮಾತು ಅಂದರು:

"ಗದ್ವಾಲದಾಗ ತಗೊಂಡ್ರ ಹಿಂಗ."

೩. ವಿಭೂತಿ

ಹೊಸ ಲಾಳಿಯಿರಲಿ, ಮಿಕ್ಸಿಯಿರಲಿ, ದೇವರ ಜಗಲಿಯ ಮೇಲೆ ಲಿಂಗದ ಮುಂದೆ ಕೂರದೆ ನಮ್ಮ ಮನೆಯಲ್ಲಿ ಏನೂ ಕೆಲಸ ಶುರುಮಾಡುವುದಿಲ್ಲ. ಭಾನುವಾರ ನಾನು ಎಸ್‌ಎಸ್‌ಡಿಯನ್ನು ಅಲ್ಲಿಟ್ಟು ಸ್ನಾನಕ್ಕೆ ಹೋದೆ. ಅಪ್ಪ ಪೂಜೆ ಮಾಡಿದರು. ಆ ಚೂರಿನ ಒಂದು ತುದಿಯಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳಿರುತ್ತವೆ, ಕಂಪ್ಯೂಟರಿಗೆ ಕಚ್ಚಿಕೊಳ್ಳುವುದು ಅವೇ. ಅಪ್ಪನ ಕಣ್ಣಿಗೆ ಅದು ಜರಿ. ಇದ್ದುದರಲ್ಲಿ ಅದೇ ಶ್ರೇಷ್ಠ ಜಾಗ ಅಂತ ನೀರಲ್ಲಿ ಕಲಸಿದ ವಿಭೂತಿಯನ್ನು ಅಲ್ಲೇ ಮೂರು ಬೆರಳಿಂದ ಎಳೆದಿದ್ದರು.

ನಾನು ಬಂದು ಗಡಿಬಿಡಿಯಲ್ಲಿ ಉಫ್ ಅಂತ ಊದಿ ಒಳಗೆ ಕೂರಿಸಿದೆ. ಕಂಪ್ಯೂಟರ್ ಶುರುವಾಯಿತು, ಆದರೆ ಅದಕ್ಕೆ ಹೊಸ ಡಿಸ್ಕು ಕಾಣಿಸುತ್ತಲೇ ಇಲ್ಲ. ಸಂಜೆಗೆ ಪಂದ್ಯ. ಬಿಚ್ಚಿ ಬ್ಯಾಟರಿ ಹಿಡಿದು ನೋಡಿದರೆ ಹಲ್ಲಿನ ಸಂದಿಯಲ್ಲೆಲ್ಲ ಬೆಳ್ಳಗೆ ಕಟ್ಟಿಕೊಂಡಿದೆ. ಪೆನ್ಸಿಲ್ ಅಳಿಸುವ ರಬ್ಬರ್ ತಂದೆ. ಅಪ್ಪ, ಅವ್ವ, ಅತ್ತಿ ಮೂವರೂ ಸುತ್ತ ನಿಂತರು. ವಿಭೂತಿಯನ್ನು ರಬ್ಬರಿನಿಂದ ಅಳಿಸಿದವರು ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಇಲ್ಲ. ಅವ್ವ ಜಗಲಿಯ ಕಡೆ ನೋಡಿ ಗಲ್ಲ ಬಡಿದುಕೊಂಡಳು. ಅಪ್ಪ ಬಗ್ಗಿ ನೋಡಿ, ಮೆಲ್ಲಗೆ ಕೇಳಿದರು:

"ಒಂದ ಗೀಟು ಉಳಿಸಿದ್ರ ನಡಿಯಂಗಿಲ್ಲೇನವ್ವಾ?"

೪. ಆ ಸಂಜೆ

ಅಳಿಸಿದ ಮೇಲೆ ಡಿಸ್ಕು ಕಂಡಿತು. ಆಟವನ್ನು ಅದರೊಳಗೆ ಹಾಕಿದೆ. ಪಂದ್ಯಕ್ಕೆ ಎಲ್ಲರಿಗಿಂತ ಮೊದಲು ನಿಂತವಳು ನಾನೇ. ನೆಟ್ಟು ತಪ್ಪು ತೋರಿಸುತ್ತಿಲ್ಲ ತಾನೆ, ನಿಜಕ್ಕೂ ಬಂದಿದ್ದೀಯಾ ಅಂತ ಕ್ಯಾಪ್ಟನ್ ಎರಡು ಸಲ ಕೇಳಿದ.

ನಡುವೆ ಆಟದಲ್ಲಿ ಕ್ಯಾಪ್ಟನ್ನೇ ಸತ್ತ. ಇನ್ನು ನೀನೇ ನಡೆಸು ಅಂದ. ಗೋಡೆಯ ಆಚೆ ಎದುರಾಳಿಗಳು ಹೊಂಚು ಹಾಕಿದ್ದರು. ನಮ್ಮವರಿಬ್ಬರು ಅವಸರಪಟ್ಟು ಮುಂದೆ ನುಗ್ಗುವುದರಲ್ಲಿದ್ದರು. ಕಿವಿಗೆ ಹೆಡ್‌ಫೋನ್ ಇದ್ದುದರಿಂದ ನನ್ನ ದನಿ ಎಷ್ಟು ಏರಿದೆ ನನಗೇ ಗೊತ್ತಾಗಲಿಲ್ಲ. ನಾನು ಹೇಳುವ ತನಕ ಯಾರೂ ಕದಲಬಾರದು ಅಂತ ತೆಲುಗಿನಲ್ಲಿ ಗದರಿದೆ.

"ನೇನು ಚೆಪ್ಪೇದಾಕ ಎವ್ವರೂ ಕದಲೊದ್ದು!"

ಕದಲಲಿಲ್ಲ. ಕಾದೆವು. ಎದುರಿನವರು ಹೊರಬಂದ ಕೂಡಲೇ ಹೋಗಿ ಅಂದೆ. ಗೆದ್ದೆವು. ಮುಂದಿನ ಭಾನುವಾರವೂ ನೀನೇ ಇರಬೇಕು ಅಂತ ಕ್ಯಾಪ್ಟನ್ ಹೇಳಿದ. ಹೆಡ್‌ಫೋನ್ ತೆಗೆದು ಹಿಂತಿರುಗಿ ನೋಡಿದೆ.

ಅಪ್ಪ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಾರೆ. ಕೈಯಲ್ಲಿ ನನಗೆ ತಂದ ಚಹಾ, ಅದರ ಮೇಲೆ ಕೆನೆ ಕಟ್ಟಿದೆ. ಅವ್ವ ಕಸಬರಿಗೆ ಹಿಡಿದು ಬಗ್ಗಿದವಳು ಬಗ್ಗಿಯೇ ಇದ್ದಾಳೆ. ಅತ್ತಿ ಅರ್ಧ ಬಾಚಿದ ಕೂದಲಲ್ಲಿ ಹಣಿಗೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿದ್ದಾರೆ. ಹೋಗಿ ಅನ್ನುವುದನ್ನು ಮಾತ್ರ ನಾನು ಮೆಲ್ಲಗೆ ಅಂದಿದ್ದೆನೇನೋ.

"ಈಗ ಕದಲಬಹುದೇನವ್ವಾ?" ಅಂದರು ಅತ್ತಿ.

ಅಪ್ಪ ಒಳಗೆ ಬಂದು ಚಹಾ ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಪಕ್ಕ ನೆಲದ ಮೇಲೆ ಕುಳಿತು, ಇತರರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತು ತೆಗೆದರು.

"ನಾಳೆ ಸೀರಿ ಒಯ್ಯಾಕ ಸಾವುಕಾರ ಬರ್ತಾನ. ಪ್ರತಿ ಸಲ ಅಂಚು ಸರಿ ಇಲ್ಲ ಅಂತ ಚಲೋ ಸೀರಿ ಹಿಂದಕ ಕೊಡ್ತಾನ. ನನಗ ಅವನ ಮುಂದ ಬಾಯಾಗ ಮಾತ ಬರಂಗಿಲ್ಲ. ನೀ ನನ್ನ ಬಾಜೂಕ ಕುಂತು, ಈಗ ಅಂದೆಲ್ಲಾ, ಅದ ದನಿಯಾಗ ಒಂದ ಮಾತು ಅಂತಿಯೇನವ್ವಾ?"