ಗೌರವ ಸಂಘಕ್ಕೆ ನಮ್ಮ ಓಣಿ ಬಂದದ್ದು

ನನಗೆ ಗೌರವ ಬೇಡ ಎನ್ನುವವರನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಬೇಡ ಬೇಡ ಎನ್ನುತ್ತಲೇ ಶಾಲು ಹೊದಿಸಿಕೊಳ್ಳಲು ಕುತ್ತಿಗೆ ಬಗ್ಗಿಸುವವರನ್ನು ನನ್ನ ನೌಕರಿಯ ಉದ್ದಕ್ಕೂ ನೋಡಿದ್ದೇನೆ. ನಾನೂ ಅವರ ಪೈಕಿಯವಳೇ. ಆದರೆ ನನಗೆ ಯಾರೂ ಶಾಲು ತಂದಿರಲಿಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ತಲೆ ನರೆಯುವ ಹೊತ್ತಿಗೆ ಹಿನ್ನೀರಿನ ಹಕ್ಕಿಗಳ ಮೇಲೆ ಪಿಎಚ್‌ಡಿ ಮುಗಿಸಿದವಳನ್ನು ಯಾರು ಕರೆದು ಸನ್ಮಾನ ಮಾಡುತ್ತಾರೆ? ಹಾಗಾಗಿ ವಿಶ್ವವಿದ್ಯಾಲಯದ ಸಂಶೋಧಕರ ಗೌರವ ಸಂಘಕ್ಕೆ ನನ್ನನ್ನು ಸದಸ್ಯೆಯಾಗಿ ಆರಿಸಲಾಗಿದೆ ಎಂಬ ಮೇಲ್ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಅಳಿಸಿ ಹಾಕಿದ್ದು. ಬ್ಯಾಂಕಿನಲ್ಲಿರುವ ನನ್ನ ಗಂಡನಂತೂ, "ಎಲ್ಲೂ ಒತ್ತಬ್ಯಾಡ. ಓಟಿಪಿ ಕೇಳಿದ್ರ ಮೊದಲ ನನಗ ಹೇಳು" ಎಂದು ತಾಕೀತು ಮಾಡಿಬಿಟ್ಟರು.

ಎರಡು ದಿನ ಬಿಟ್ಟು ಸಂಘದ ಕಾರ್ಯದರ್ಶಿಗಳೇ ಫೋನ್ ಮಾಡಿದರು. ಮೈಸೂರು ಕಡೆಯವರು, ಬಹಳ ಮೆತ್ತಗೆ ಮಾತಾಡುವ ಪ್ರಾಧ್ಯಾಪಕರು. ಈ ಸಂಘಕ್ಕೆ ಯಾರೂ ಅರ್ಜಿ ಹಾಕುವಂತಿಲ್ಲವಂತೆ. ಇದ್ದ ಸದಸ್ಯರಲ್ಲಿ ಇಬ್ಬರು ಹೆಸರು ಸೂಚಿಸಬೇಕು, ಉಳಿದವರು ಒಪ್ಪಬೇಕು. ಆಮೇಲೆ ಬಾಗಲಕೋಟೆಯಲ್ಲೇ ಒಂದು ಸಮಾರಂಭ. ಅಲ್ಲಿ ಹೊಸಬರು ಪ್ರತಿಜ್ಞೆ ಮಾಡಿ, ತಮ್ಮ ಸಂಶೋಧನೆಯ ಬಗ್ಗೆ ಐದು ನಿಮಿಷ ಮಾತಾಡಿ, ಕೊನೆಗೆ ಎದೆಗೆ ಸಂಘದ ಬಿಲ್ಲೆ ಚುಚ್ಚಿಸಿಕೊಳ್ಳಬೇಕು. "ಅತಿಥಿಗಳು ಮಾತ್ರ ದಯವಿಟ್ಟು ಇಬ್ಬರೇ ಇರಲಿ ಮೇಡಂ" ಎಂದರು. ನಾನು ಆಗಲಿ ಎಂದು ತುಸು ಗಾಂಭೀರ್ಯದಿಂದಲೇ ಹೇಳಿದೆ. ಗೌರವ ಆಗಲೇ ತಲೆಗೇರತೊಡಗಿತ್ತು.

ನಮ್ಮ ಜೊತೆಗೇ ಇರುವ ಅವ್ವನಿಗೆ ವಿಷಯ ತಿಳಿಸಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು.

"ಸಂಘದಾಗ ಕೂಡಿ ಏನ್ ಮಾಡ್ತೀರಿ?"

"ಏನೂ ಇಲ್ಲವ್ವ. ಗೌರವ ಅದು."

"ಏನೂ ಮಾಡದಕ್ಕ ಇಷ್ಟು ವರ್ಷ ಓದಿದ್ಯಾ? ಇರ್ಲಿ. ಯಾವತ್ತೈತಿ ಹೇಳು, ನಾ ಬರ್ತೇನಿ."

ಅವಳು ಬರುವುದು ನನಗೆ ಬೇಡವಾಗಿತ್ತು. ಕಾರಣ ಹೇಳದೆ ಮುಂದೆ ಹೋಗುವಂತಿಲ್ಲ. ಅಣೆಕಟ್ಟಿನ ನೀರು ಹಳೇ ಬಾಗಲಕೋಟೆಗೆ ಬಂದಾಗ ಮುಳುಗಿದ ಓಣಿಗಳಲ್ಲಿ ನಮ್ಮದೂ ಒಂದು. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ನಮಗೆಲ್ಲ ನವನಗರದಲ್ಲಿ ಒಂದೊಂದು ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಅಂದಿನಿಂದ ಅವ್ವ ಆ ನೀರನ್ನು ಕಣ್ಣೆತ್ತಿ ನೋಡಿಲ್ಲ. ಬಸ್ಸು ಆ ಕಡೆ ಹಾಯುವಾಗ ಸೆರಗು ಮುಖಕ್ಕೆ ಎಳೆದುಕೊಂಡು ನಿದ್ದೆ ಬಂದವಳಂತೆ ಕೂರುತ್ತಾಳೆ. ನನ್ನ ಪ್ರಬಂಧದಲ್ಲಿ 'ಮೂರನೇ ತಾಣ' ಎಂದು ಬರೆದಿರುವ ಜಾಗವೇ ನಮ್ಮ ಓಣಿ. ಚಳಿಗಾಲ ಮುಗಿಯುತ್ತ ನೀರು ಇಳಿದಾಗ ಮನೆಗಳ ಕಟ್ಟೆ, ಗೋಡೆಯ ಬುಡ ಮೇಲೆ ಕಾಣುತ್ತವೆ. ಹಕ್ಕಿಗಳು ಬಂದು ಅವುಗಳ ಮೇಲೆ ಕೂರುತ್ತವೆ. ಹಾಗೆ ತೆಗೆದ ಫೋಟೊವೊಂದನ್ನು ಸಂಘದವರು ಬಹಳ ಮೆಚ್ಚಿದ್ದರು, ಅದನ್ನೇ ತೋರಿಸಬೇಕೆಂದು ಹೇಳಿದ್ದರು. ಬೇರೆಯದು ಹಾಕೋಣವೆಂದರೆ ಉಳಿದ ಫೋಟೊಗಳಲ್ಲೆಲ್ಲ ಹಕ್ಕಿಗಳು ನನಗೆ ಬೆನ್ನು ತೋರಿಸಿಯೇ ಕೂತಿದ್ದವು. ಮುಳುಗಿದ ಮನೆಯನ್ನು ಅಷ್ಟು ದೊಡ್ಡ ಪರದೆಯ ಮೇಲೆ ಕಂಡರೆ ಅವ್ವನ ಗತಿ ಏನು?

"ಎಲ್ಲಾ ಇಂಗ್ಲಿಷಿನಾಗ ಇರತೈತಿ, ನಿನಗ ಬ್ಯಾಸರ ಆಗತೈತವ್ವ" ಎಂದೆ.

"ನಿನ್ನ ಲಗ್ನದಾಗ ಮಂತ್ರನೂ ನನಗ ತಿಳಿದಿದ್ದಿಲ್ಲ. ಕಡೀತನಾ ಕುಂತಿದ್ದಿಲ್ಲೇನ?"

ಸರಿ, ಗಂಡ ಮತ್ತು ಅವ್ವ, ಲೆಕ್ಕ ಇಬ್ಬರಿಗೆ ಸರಿಹೋಯಿತೆಂದು ಸುಮ್ಮನಾದೆ. ಆದರೆ ಓಣಿಯ ಪದ್ಧತಿ ನನ್ನ ನೆನಪಿನಿಂದ ಜಾರಿತ್ತು. ನಮ್ಮಲ್ಲಿ ಬಸುರಿಯ ಕುಬಸವಿರಲಿ, ಕೂಸಿನ ಜವಳವಿರಲಿ, ಒಂದು ಮನೆಗೆ ಬನ್ನಿ ಎಂಬ ಹೇಳಿಕೆ ಹೋದರೆ ಓಣಿಗೆಲ್ಲ ಹೋಗಬೇಕು. ಒಂದು ಮನೆ ಬಿಟ್ಟರೂ ಆ ಮುನಿಸು ಮೊಮ್ಮಕ್ಕಳ ಕಾಲದವರೆಗೆ ನಡೆಯುತ್ತದೆ. ಓಣಿ ಮುಳುಗಿದರೂ ಪದ್ಧತಿ ಮುಳುಗಿಲ್ಲ. ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ ಅವ್ವ ಕುಂಕುಮದ ಬಟ್ಟಲು ಹಿಡಿದು ಟಂಟಂ ಆಟೊ ಹತ್ತಿ, ಸೆಕ್ಟರಿನಿಂದ ಸೆಕ್ಟರಿಗೆ ತಿರುಗಿ, ಮಗಳ 'ಕಾರ್ಯಕ್ರಮ'ಕ್ಕೆ ಹೇಳಿಕೆ ಕೊಟ್ಟು ಬಂದಿದ್ದಳು.

ಇದು ನನಗೆ ತಿಳಿದದ್ದು ಸಮಾರಂಭದ ದಿನ ಸಭಾಂಗಣದ ಬಾಗಿಲಲ್ಲಿ. ಟಂಟಂಗಳು ಒಂದರ ಹಿಂದೆ ಒಂದು ಬಂದು ನಿಂತವು. ಮೊದಲು ಇಳಿದವಳು ಬೀಬಿಜಾನ್ ಚಾಚಿ. ಹಳೇ ಓಣಿಯಲ್ಲಿ ನಮ್ಮ ಪಕ್ಕದ ಮನೆಯವಳು, ನಾನು ಅರ್ಧ ಊಟ ಅವಳ ಮನೆಯಲ್ಲೇ ಮಾಡಿ ಬೆಳೆದವಳು. ಅವಳ ಕೈಯಲ್ಲಿ ಗೋಧಿ-ಬೆಲ್ಲದ ಮಾದಲಿ ತುಂಬಿದ ದೊಡ್ಡ ಡಬ್ಬಿ. ಹಿಂದೆ ಇಲಕಲ್ ಸೀರೆಗಳ ಸಾಲು, ರುಮಾಲುಗಳ ಸಾಲು. ಕಾರ್ಯದರ್ಶಿಗಳು ಒಳಗಿನಿಂದ ಓಡಿ ಬಂದರು.

"ಮೇಡಂ, ಅತಿಥಿಗಳು ಇಬ್ಬರೇ ಎಂದು ತಿಳಿಸಿದ್ದೆವಲ್ಲ..."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು. "ಇಬ್ಬರ ಅದೇವ್ರಿ ಸರ. ಆಕಿ ಗಂಡ ಒಬ್ಬಾಂವ. ನಮ್ಮ ಓಣಿ ಒಂದು."

ಕಾರ್ಯದರ್ಶಿಗಳು ಒಮ್ಮೆ ಅವ್ವನನ್ನು, ಒಮ್ಮೆ ಡಬ್ಬಿಯನ್ನು ನೋಡಿ, "ಒಳಗೆ ಬನ್ನಿ ಅಮ್ಮ" ಎಂದರು. ದೊಡ್ಡ ಮನುಷ್ಯರು.

ಪ್ರತಿಜ್ಞೆ ಆಯಿತು. 'ಕಂಡದ್ದನ್ನೇ ಹೇಳುತ್ತೇನೆ, ಕಾಣದ್ದನ್ನು ಹೇಳುವುದಿಲ್ಲ' ಎಂಬ ಅರ್ಥದ ಮಾತುಗಳನ್ನು ಬಲಗೈ ಎತ್ತಿ ನುಡಿದೆ. ನನ್ನ ಸರದಿ ಬಂತು. ಇಂಗ್ಲಿಷಿನಲ್ಲಿ ಶುರುಮಾಡಿ ಆ ಫೋಟೊ ಹಾಕಿದೆ. ಚಾಚಿಯ ದನಿ ಕೇಳಿತು: "ಯಾ ಅಲ್ಲಾ! ಅದು ನಮ್ಮ ಕಟ್ಟಿ ಅಲ್ಲೇನ?"

ಅವ್ವ ಎದ್ದಳು. ಕುರ್ಚಿಗಳ ನಡುವೆ ನಿಧಾನಕ್ಕೆ ನಡೆದು ಪರದೆಯ ಹತ್ತಿರವೇ ಬಂದು ನಿಂತಳು. ನನಗೆ ಇಂಗ್ಲಿಷೆಲ್ಲ ಮರೆತುಹೋಯಿತು.

"ನೀಲಾ, ನಮ್ಮ ಮನಿ ಯಾವುದು?"

ನಾನು ಕೈಯಲ್ಲಿದ್ದ ಕಡ್ಡಿಯ ಕೆಂಪು ಬೆಳಕು ಬಿಟ್ಟು ತೋರಿಸಿದೆ.

"ಮ್ಯಾಲ ಕುಂತದ್ದು ಯಾವ ಹಕ್ಕಿ?"

"ಪಟ್ಟೆತಲೆ ಹೆಬ್ಬಾತು ಅವ್ವ. ಹಿಮಾಲಯ ದಾಟಿ ಬರತೈತಿ."

"ಅಷ್ಟು ದೂರದಿಂದ? ನಮ್ಮ ಮನಿಗೆ?" ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಲೋ ಆತು ಬಿಡು. ಮನಿ ಖಾಲಿ ಬಿದ್ದಿಲ್ಲ" ಎಂದಳು.

ನಾನು ವೇದಿಕೆಯ ಮೇಲೆಯೇ ಅತ್ತುಬಿಟ್ಟೆ. ನೀರು ನೋಡಿ ಅವಳು ಕುಸಿದಾಳೆಂದು ಹೆದರಿದವಳಿಗೆ ಇದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಓಣಿಗೆ ಓಣಿಯೇ ಪರದೆಯ ಮುಂದೆ ನೆರೆದು, "ನಮ್ಮ ಮನಿ ಮ್ಯಾಲ ಯಾವುದು?", "ಆ ಕರೇದು ಯಾವುದು?" ಎಂದು ಕೇಳತೊಡಗಿತು. ಐದು ನಿಮಿಷ ಯಾವಾಗಲೋ ಮುಗಿದಿತ್ತು. ಕಾರ್ಯದರ್ಶಿಗಳು ಗಂಟೆ ಬಾರಿಸಲಿಲ್ಲ. ಕೊನೆಗೆ ಬಿಲ್ಲೆ ಚುಚ್ಚುವ ಕೆಲಸವನ್ನು ಅವ್ವನಿಗೇ ವಹಿಸಿದರು. ಉಗುರಿನಷ್ಟಿದ್ದ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟನ?" ಎಂದು ಕೇಳಿದಳು. ಮಾದಲಿ ಮಾತ್ರ ಸಂಘದ ಎಲ್ಲರಿಗೂ ಸಾಕಾಗಿ ಉಳಿಯಿತು.

ಆಮೇಲೆ ಸಂಘ ನನ್ನನ್ನು ಅಷ್ಟಾಗಿ ನೆನೆದಿಲ್ಲ. ಓಣಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಭಾನುವಾರ ಹಿನ್ನೀರಿನಿಂದ ಮನೆ ಮುಟ್ಟುವುದರೊಳಗೆ ಫೋನುಗಳು ಶುರುವಾಗುತ್ತವೆ, ಯಾರ ಮನೆಯ ಮೇಲೆ ಏನು ಕೂತಿತ್ತೆಂದು ವರದಿ ಒಪ್ಪಿಸಬೇಕು. ಕಳೆದ ವಾರ ಚಾಚಿ ಫೋನಿನಲ್ಲಿ ಮುನಿಸಿಕೊಂಡೇ ಕೇಳಿದಳು: "ನಿಮ್ಮ ಮನಿಗೆ ಹಿಮಾಲಯದಿಂದ ಬರ್ತಾವ. ನಮ್ಮ ಕಟ್ಟಿಗೆ ಬರೇ ಕಾಗಿನ? ಇವತ್ತರ ಏನ್ ಕುಂತಿತ್ತವ್ವ?"

ಅವತ್ತೂ ಕಾಗೆಯೇ ಕೂತಿತ್ತು. ಬಲಗೈ ಎತ್ತಿ ಪ್ರತಿಜ್ಞೆ ಮಾಡಿದ ಗೌರವ ಸಂಘದ ಸದಸ್ಯೆ ನಾನು, ಅದೇ ಬಲಗೈಯಲ್ಲಿ ಫೋನ್ ಹಿಡಿದುಕೊಂಡು ಹೇಳಿದೆ:

"ಹೆಬ್ಬಾತು, ಚಾಚಿ. ಒಂದಲ್ಲ, ಜೋಡಿ."