ಯಾರದೂ ಅಲ್ಲದ ಮುಖ

ಎಲ್ಲದಕ್ಕೂ ಕಾರಣ ಒಂದು ಫೋನು. ಅದು ಬಂದಾಗ ಗೊಂಬೆ ಕಾರ್ಖಾನೆಯ ಯಜಮಾನರು ಬೆಳಗಿನ ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದರು. ಆ ಕಡೆಯವರು ಮಾತು ಮುಗಿಸುವಷ್ಟರಲ್ಲಿ ಬಿಸ್ಕತ್ತು ಮೆತ್ತಗಾಗಿ ಲೋಟದ ತಳ ಸೇರಿತ್ತು. ಯಜಮಾನರ ಮುಖವೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿತ್ತು.

"ಲೈಸೆನ್ಸು ಹೋಯ್ತು," ಎಂದರು.

ಹೋದದ್ದು ಸಿಡಿಲುವೀರನ ಲೈಸೆನ್ಸು. ಸಿಡಿಲುವೀರ ಎಂದರೆ ಸಿನಿಮಾದಲ್ಲಿ ಅಂಗೈಯಿಂದ ಮಿಂಚು ಹಾರಿಸಿ ದುಷ್ಟರನ್ನು ಸುಡುವ ಮಹಾಶಯ. ಅವನ ಗೇಣುದ್ದದ ಗೊಂಬೆ ಮಾಡಿ ಮಾರುವ ಹಕ್ಕನ್ನು ಸಿನಿಮಾ ಕಂಪನಿ ಇಷ್ಟು ವರ್ಷ ಈ ಕಾರ್ಖಾನೆಗೆ ಕೊಟ್ಟಿತ್ತು. ಈಗ ಅದನ್ನು ಇನ್ಯಾವುದೋ ದೊಡ್ಡ ಕಂಪನಿಗೆ ದಾಟಿಸಿದೆ. ಸಂಜೆ ಐದರ ಮೇಲೆ ಸಿಡಿಲುವೀರನ ಮುಖವಿರುವ ಯಾವುದೂ ಈ ಗೇಟು ದಾಟುವಂತಿಲ್ಲ, ಒಳಗೆ ಇರುವಂತೆಯೂ ಇಲ್ಲ. ಉಳಿದ ತಲೆಗಳನ್ನೆಲ್ಲ ಪ್ಲಾಸ್ಟಿಕ್ ಅರೆಯುವ ಯಂತ್ರಕ್ಕೆ ಹಾಕಬೇಕು. ಅದನ್ನು ಕಣ್ಣಾರೆ ನೋಡಲು ಸಿನಿಮಾ ಕಂಪನಿಯ ವಕೀಲಮ್ಮ ಖುದ್ದಾಗಿ ಬರುತ್ತಾರೆ.

"ಕೈಕಾಲು, ಮೈ ಎಲ್ಲ ಏನ್ಮಾಡೋದು ಸಾರ್?" ಎಂದು ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ ಕೇಳಿದಳು. ಎಲ್ಲರ ಬಾಯಲ್ಲೂ ಅವಳು ಡಬ್ಬಿ ಅಕ್ಕ.

"ಕತ್ತಿನಿಂದ ಕೆಳಗೆ ಯಾರ ತಕರಾರೂ ಇಲ್ವಂತೆ. ತಲೆ ಮಾತ್ರ ಅವರದಂತೆ."

ಗೋಡೌನಿನ ತುಂಬ ತಲೆಯಿಲ್ಲದ ವೀರರು ರಾಶಿ ಬಿದ್ದಿದ್ದರು. ಎಲ್ಲರೂ ಒಟ್ಟಿಗೆ ಮೂಲೆಯ ಮೇಜಿನ ಕಡೆ ತಿರುಗಿ ನೋಡಿದರು. ಅಲ್ಲಿ ಮೂತಿ ಮೇಷ್ಟ್ರು ಏನೂ ಕೇಳಿಸದವರಂತೆ ಜೇಡಿಮಣ್ಣು ನಾದುತ್ತಿದ್ದರು.

ಮೂತಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗೊಂಬೆಯ ತಲೆಯನ್ನು ಮೊದಲು ಮಣ್ಣಿನಲ್ಲಿ ತಿದ್ದಿ ಕೊಡುವುದು ಅವರ ಕೆಲಸ. ಆಮೇಲೆ ಅದರಿಂದ ಅಚ್ಚು ತೆಗೆಯುತ್ತಾರೆ. ಮೇಜಿನ ಮೇಲೆ ಒಂದು ದುಂಡು ಕನ್ನಡಿ. ಗೊಂಬೆಗೆ ಸಿಟ್ಟು ಬೇಕೆಂದರೆ ಮೇಷ್ಟ್ರು ಕನ್ನಡಿಯ ಎದುರು ಹುಬ್ಬು ಗಂಟಿಕ್ಕುತ್ತಿದ್ದರು, ನಗು ಬೇಕೆಂದರೆ ಹಲ್ಲು ಕಿರಿಯುತ್ತಿದ್ದರು. ಕನ್ನಡಿಯಲ್ಲಿ ಕಾಣುತ್ತಿದ್ದುದು ಬಹುಪಾಲು ಗಡ್ಡವೇ. ಕಿವಿಯಿಂದ ಕಿವಿಗೆ ಹಬ್ಬಿದ್ದ ಆ ಗಡ್ಡ ಅವರ ಮದುವೆಗಿಂತ ಹಳೆಯದು. "ನಿಮ್ಮಲ್ಲಿ ನೋಡೋ ಹಾಗಿರೋದು ಅದೊಂದೇ," ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು. ಸಂಸಾರದಲ್ಲಿ ಸಿಕ್ಕ ಹೊಗಳಿಕೆ ಅಷ್ಟೇ ಆದ್ದರಿಂದ ಮೇಷ್ಟ್ರು ಅದನ್ನು ಜೋಪಾನವಾಗಿ ಬೆಳೆಸಿದ್ದರು.

ಯಜಮಾನರು ಮೇಜಿನ ಹತ್ತಿರ ಬಂದರು. "ಮೇಷ್ಟ್ರೇ, ಸಂಜೆಯೊಳಗೆ ಹೊಸ ಮುಖ ಬೇಕು. ಸಿಡಿಲುವೀರಂದು ಆಗಿರಬಾರದು. ಬೇರೆ ಯಾರದೂ ಆಗಿರಬಾರದು. ವಕೀಲಮ್ಮ ನೋಡಿ ಒಪ್ಪಬೇಕು."

"ಯಾರದೂ ಅಲ್ಲದ ಮುಖ ಎಲ್ಲಿಂದ ತರಲಿ ಸಾರ್?"

"ಅದಕ್ಕೇ ತಾನೇ ನಿಮಗೆ ಸಂಬಳ ಕೊಡೋದು? ಆಗಲ್ಲ ಅಂದ್ರೆ ಈಗಲೇ ಹೇಳಿ. ನಾಳೆಯಿಂದ ತಲೆಗಳನ್ನ ಹೊರಗಡೆ ಮಾಡಿಸ್ತೀನಿ. ನಿಮ್ಮ ಮೇಜು ತೆಗೆಸಿ ಇಲ್ಲಿ ಡಬ್ಬಿ ಪೇರಿಸ್ತೀನಿ."

ಜಾಗ ಸಾಲದೆಂದು ಸದಾ ಗೊಣಗುತ್ತಿದ್ದ ಡಬ್ಬಿ ಅಕ್ಕ ಆಗಲೇ ಕಣ್ಣಿನಲ್ಲಿ ಮೇಜಿನ ಉದ್ದಗಲ ಅಳೆಯತೊಡಗಿದಳು. ಮೇಷ್ಟ್ರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಈ ವಯಸ್ಸಿನಲ್ಲಿ, ಗೊಂಬೆಯ ಮೂಗು ತಿದ್ದುವುದೊಂದು ಬಿಟ್ಟು ಬೇರೆ ವಿದ್ಯೆ ಗೊತ್ತಿಲ್ಲದ ಮನುಷ್ಯನನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ಮಣ್ಣಿಗೆ ಕೈ ಹಾಕುವಷ್ಟರಲ್ಲಿ ಹಲ್ಲಿನ ಡಾಕ್ಟರು ಏದುಸಿರು ಬಿಡುತ್ತ ನುಗ್ಗಿದರು. ಪಕ್ಕದ ಬೀದಿಯಲ್ಲಿ ಅವರ ಕ್ಲಿನಿಕ್ಕು. ಹಲ್ಲು ಕೆರೆದು ಸವೆದ ಸಲಾಕೆಗಳನ್ನು ಅವರು ಮೇಷ್ಟ್ರಿಗೆ ಕೊಡುತ್ತಿದ್ದರು. ಮಣ್ಣಿನಲ್ಲಿ ಕಣ್ಣುರೆಪ್ಪೆ ಕೊರೆಯಲು ಅದಕ್ಕಿಂತ ಒಳ್ಳೆಯ ಆಯುಧವಿಲ್ಲ. ಆದರೆ ಮೇಷ್ಟ್ರು ಮಾತ್ರ ಅವರ ಕುರ್ಚಿಯಲ್ಲಿ ಒಮ್ಮೆಯೂ ಕೂತವರಲ್ಲ. ಸಲಾಕೆ ಎಷ್ಟು ಚೂಪು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರ ಬಳಿ ಈ ಕಾರ್ಖಾನೆ ಮಾಡಿದ ಸಿಡಿಲುವೀರರೆಲ್ಲ ಇದ್ದರು, ಒಬ್ಬನನ್ನೂ ಡಬ್ಬಿಯಿಂದ ಹೊರಗೆ ಬಿಟ್ಟಿರಲಿಲ್ಲ. ಡಬ್ಬಿಯ ಅಂಟು ಕಿತ್ತರೆ ಅದು ಆಟದ ಸಾಮಾನು, ಅಂಟು ಇದ್ದರೆ ಸಂಗ್ರಹ ಎನ್ನುವುದು ಅವರ ಸಿದ್ಧಾಂತ.

"ಸುದ್ದಿ ಕೇಳಿ ರೋಗಿ ಬಾಯಿ ತೆರೆದಿರೋ ಹಾಗೇ ಬಿಟ್ಟು ಬಂದೆ ಮೇಷ್ಟ್ರೇ. ಕೊನೇ ಗೊಂಬೆ ನನಗೇ. ಇನ್ನೊಂದು, ಇವತ್ತಾದ್ರೂ ನಿಜ ಹೇಳಿ. ಈ ಮುಖ ಯಾರದು?"

"ನಟಂದು, ಇನ್ಯಾರದು?"

"ದವಡೆ ವಿಷಯದಲ್ಲಿ ನನಗೆ ಸುಳ್ಳು ಹೇಳ್ಬೇಡಿ. ನಟನ ದವಡೆ ಇಟ್ಟಿಗೆ ಥರ ಚೌಕ. ನಿಮ್ಮ ಗೊಂಬೆದು ಎಡಕ್ಕೆ ಒಂಚೂರು ವಾಲಿದೆ. ಗದ್ದದ ನಡುವೆ ಕಡಲೆಕಾಳಿನಷ್ಟು ಗುಳಿ. ಇದು ಯಾರೋ ಬೇರೆ ಮನುಷ್ಯ! ನಮ್ಮ ಸಂಗ್ರಹಗಾರರ ಗುಂಪಲ್ಲಿ ಇದರ ಮೇಲೆ ಜಗಳಾನೇ ನಡೆದಿದೆ. ಒಬ್ಬರು ಯಜಮಾನರ ತಮ್ಮ ಅಂತಾರೆ, ಇನ್ನೊಬ್ಬರು ನಿಮ್ಮ ಹಳೇ ಗೆಳೆಯ ಅಂತಾರೆ. ಹೊಸ ಕಂಪನಿಯವರು ಯಂತ್ರದಲ್ಲಿ ನಟನ ಮುಖ ಅಳೆದು ತದ್ರೂಪು ಗೊಂಬೆ ಮಾಡ್ತಾರಂತೆ. ಅದರಲ್ಲೇನಿದೆ ಹುಡುಕೋಕೆ? ನಮಗೆ ಬೇಕಾಗಿರೋದು ಇವನು."

ಮೇಷ್ಟ್ರು ಸಿಡಿಲುವೀರನ ತಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಹೌದಲ್ಲ, ದವಡೆ ವಾಲಿದೆ. ಗುಳಿಯೂ ಇದೆ. ನಟನ ಫೋಟೊ ನೋಡಿಯೇ ಮಾಡಿದ್ದು. ಈ ಗುಳಿ ಎಲ್ಲಿಂದ ಬಂತು? ಎಲ್ಲೋ ನೋಡಿದ ಮುಖ, ಬಹಳ ಹತ್ತಿರದ ಮುಖ. ಆದರೆ ಯಾರೆಂದು ಹೊಳೆಯಲೊಲ್ಲದು. ಅವರ ತಲೆಗೂ ಹುಳ ಹೊಕ್ಕಿತು.

ಡಾಕ್ಟರು ಕೊನೆಯ ಗೊಂಬೆಗಾಗಿ ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ಮೇಷ್ಟ್ರು ಕೆಲಸ ಶುರುಮಾಡಿದರು.

ಮೊದಲ ಮುಖ ದುಂಡಗೆ, ತುಂಬಿದ ಕೆನ್ನೆಗಳೊಂದಿಗೆ ಬಂತು. ಡಬ್ಬಿ ಅಕ್ಕ ಒಂದೇ ನೋಟಕ್ಕೆ, "ಅಯ್ಯೋ, ಯಜಮಾನರ ಅತ್ತೆ!" ಎಂದಳು. ಯಜಮಾನರು ಬಂದು ನೋಡಿ ಬೆವರು ಒರೆಸಿಕೊಂಡರು. "ಮುಚ್ಚಿ ಅದನ್ನ. ಅಂಗೈಯಲ್ಲಿ ಮಿಂಚು ಬೇರೆ ಕೊಟ್ರೆ ನನ್ನ ಗತಿ ಏನು?"

ಎರಡನೆಯದಕ್ಕೆ ಉದ್ದ ಮೂಗು, ಒಳಹೋದ ಕೆನ್ನೆ. ಅಚ್ಚು ತೆಗೆಯುವವನಿಗೆ ಎಲ್ಲರೂ ಅಚ್ಚಿನಣ್ಣ ಎನ್ನುತ್ತಿದ್ದರು. ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ನಾಚಿಕೊಂಡ. "ಇದು ನಾನೇ ಅಲ್ವಾ ಮೇಷ್ಟ್ರೇ? ಸಿನಿಮಾದವರಿಗೆ ಲೈಸೆನ್ಸ್ ದುಡ್ಡು ಕೊಟ್ಟ ಹಾಗೆ ನನಗೂ ಕೊಡಬೇಕಾಗುತ್ತೆ, ಯಜಮಾನರಿಗೆ ಹೇಳಿಬಿಡಿ." ಯಜಮಾನರು ಅದನ್ನು ಹೆಬ್ಬೆರಳಿನಿಂದ ಒಂದೇ ಸಲ ಅಮುಕಿ ಚಪ್ಪಟೆ ಮಾಡಿದರು. ಅಚ್ಚಿನಣ್ಣ ತನ್ನ ಮೂಗು ಮುಟ್ಟಿ ನೋಡಿಕೊಂಡ.

ಆಮೇಲೆ ಆದದ್ದು ವಿಚಿತ್ರ. ಮೇಷ್ಟ್ರು ಏನೇ ಮಾಡಲು ಹೋದರೂ ಬೆರಳುಗಳು ತಮ್ಮಷ್ಟಕ್ಕೆ ದವಡೆಯನ್ನು ಎಡಕ್ಕೆ ವಾಲಿಸಿ, ಗದ್ದಕ್ಕೆ ಗುಳಿ ಒತ್ತಿ ಸಿಡಿಲುವೀರನನ್ನೇ ತಂದು ನಿಲ್ಲಿಸುತ್ತಿದ್ದವು. ಮೂಗು ಬದಲಿಸಿದರೂ ಅವನೇ, ಹಣೆ ಬದಲಿಸಿದರೂ ಅವನೇ. ಮಧ್ಯಾಹ್ನದ ಊಟದ ಹೊತ್ತು ಹೋಯಿತು. ಡಬ್ಬಿ ಅಕ್ಕ ಅಳತೆಯ ಟೇಪು ತಂದು ಮೇಜಿನ ಕಾಲಿನ ಹತ್ತಿರ ಬಗ್ಗಿದಳು.

"ಏನಕ್ಕ ಅದು?"

"ಏನಿಲ್ಲ, ನೀವು ಕೆಲಸ ಮಾಡಿ. ಇಲ್ಲಿ ಎಷ್ಟು ಸಾಲು ಕೂರುತ್ತೆ ಅಂತ ಸುಮ್ನೆ ನೋಡಿದೆ."

ಮೇಷ್ಟ್ರಿಗೆ ರೇಗಿತು. ಎದುರಿಗಿದ್ದ ಸಿಡಿಲುವೀರನ ಹಾಳು ದವಡೆ ಕಣ್ಣಿಗೆ ಕಾಣದಿದ್ದರೆ ಸಾಕೆಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಮೆತ್ತಿ, ಸಲಾಕೆಯಿಂದ ಗೀರಿ ಗಡ್ಡ ಮಾಡಿಬಿಟ್ಟರು. ತುಟಿಯ ಮೇಲೂ ಒಂದಿಷ್ಟು. ಆಮೇಲೆ ಕೈಕಟ್ಟಿ ಕೂತರು.

ಡಬ್ಬಿ ಅಕ್ಕ ನೋಡಿದಳು. ಅಚ್ಚಿನಣ್ಣ ನೋಡಿದ. ಇಬ್ಬರೂ ತಲೆ ಓರೆ ಮಾಡಿ, ಹಿಂದೆ ಸರಿದು, ಮುಂದೆ ಬಂದು ನೋಡಿದರು.

"ಇದು ಯಾರೂ ಅಲ್ಲ," ಎಂದ ಅಚ್ಚಿನಣ್ಣ.

"ನಾನೂ ಎಲ್ಲೂ ನೋಡಿಲ್ಲಪ್ಪ ಈ ಮುಖಾನ," ಎಂದು, ಮೇಷ್ಟ್ರ ಎದುರು ಇಷ್ಟು ವರ್ಷ ಕೂತು ಕೆಲಸ ಮಾಡಿದ ಡಬ್ಬಿ ಅಕ್ಕ ಖಂಡಿತವಾಗಿ ಹೇಳಿದಳು.

ಅವಸರದಲ್ಲಿ ಅಚ್ಚಾಯಿತು, ಮಾದರಿಗೊಂದು ತಲೆಯೂ ಬಂತು. ವಕೀಲಮ್ಮ ಬರುವ ಹೊತ್ತಿಗೆ ಅರೆಯುವ ಯಂತ್ರ ಗರಗರ ಎನ್ನುತ್ತ ಸಿಡಿಲುವೀರರ ತಲೆಗಳನ್ನು ನುರಿಸುತ್ತಿತ್ತು. ಆಕೆಯದು ನಗು ಎಂದರೇನೆಂದು ಕೇಳಿ ಮಾತ್ರ ತಿಳಿದಂಥ ಮುಖ. ಹೊಸ ತಲೆಯನ್ನು ಎತ್ತಿ ನೋಡಿದರು. ಮೇಷ್ಟ್ರನ್ನು ನೋಡಿದರು. ಮತ್ತೆ ತಲೆಯನ್ನು ನೋಡಿದರು.

"ಇದು ಸಿಡಿಲುವೀರ ಅಲ್ಲ. ನಮ್ಮ ಆಕ್ಷೇಪಣೆ ಇಲ್ಲ. ಆದ್ರೆ ಇದು ಈ ಮನುಷ್ಯರೇ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. "ಅರೆ, ಹೌದು!" ಎಂದಳು ಡಬ್ಬಿ ಅಕ್ಕ. ಮೇಷ್ಟ್ರೂ ಕನ್ನಡಿ ನೋಡಿಕೊಂಡು ಬೆಪ್ಪಾದರು.

ಯಜಮಾನರಿಗೆ ಇನ್ನೊಂದು ಭಯ ಹುಟ್ಟಿತು. "ನಾಳೆ ಇವರೂ ಲೈಸೆನ್ಸ್ ಕಿತ್ಕೊಂಡ್ರೆ?"

"ಸಹಿ ಹಾಕಿಸ್ಕೊಳ್ಳಿ. ಮುಖದ ಹಕ್ಕು ಕಾರ್ಖಾನೆದು ಅಂತ," ಎಂದರು ವಕೀಲಮ್ಮ.

ಮೇಜು ಉಳಿಯಿತಲ್ಲ ಎನ್ನುವ ಸಂತೋಷದಲ್ಲಿ ಮೇಷ್ಟ್ರು ಕೇಳಿದ ಕಡೆಯೆಲ್ಲ ಸಹಿ ಹಾಕಿದರು.

"ಈಗ ಈ ಮುಖ ಕಾರ್ಖಾನೆದು," ವಕೀಲಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಅನುಮತಿ ಇಲ್ದೆ ಇದರ ಇನ್ನೊಂದು ಪ್ರತಿ ಬೀದಿಯಲ್ಲಿ ಓಡಾಡಬಾರದು."

"ಯಾವ ಪ್ರತಿ ಮೇಡಂ?"

"ನೀವು."

ಯಜಮಾನರು ಇದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಿಂಚು ಹಾರಿಸುವ ವೀರ ಸಂಜೆ ಹೊತ್ತು ತರಕಾರಿ ಚೀಲ ಹಿಡಿದು ಬಸ್ಸಿಗೆ ಓಡುವುದನ್ನು ಮಕ್ಕಳು ನೋಡಿದರೆ ಗೊಂಬೆ ಮಾರಾಟವಾದೀತೇ? ಒಬ್ಬರ ಗಡ್ಡ ಹೋಗಲೇಬೇಕು. ಗೊಂಬೆಯದು ತೆಗೆದರೆ ಮತ್ತೆ ಅಚ್ಚು ಮಾಡಬೇಕು, ಹೊತ್ತಿಲ್ಲ. ಮೇಷ್ಟ್ರದು ತೆಗೆಯಲು ಅಚ್ಚು ಬೇಕಾಗಿಲ್ಲ.

"ಮನೇಲಿ ಒಪ್ಪಲ್ಲ ಸಾರ್," ಎಂದರು ಮೇಷ್ಟ್ರು ದೀನರಾಗಿ.

"ಗಡ್ಡ ಬೇಕೋ ಮೇಜು ಬೇಕೋ?"

ಗೊಂಬೆಯ ಅಂಚು ಹೆರೆಯುವ ಹೊಸ ಬ್ಲೇಡೊಂದನ್ನು ಡಬ್ಬಿ ಅಕ್ಕ ಮರುಮಾತಿಲ್ಲದೆ ತಂದುಕೊಟ್ಟಳು. ಬಚ್ಚಲಿನಲ್ಲಿ ಕನ್ನಡಿ ಇರಲಿಲ್ಲ. ಮೇಷ್ಟ್ರು ಕೈಯಂದಾಜಿನಲ್ಲೇ ಬೋಳಿಸಿಕೊಂಡರು. ಆಶ್ಚರ್ಯವೆಂದರೆ ಒಂದು ಕಡೆಯೂ ಗಾಯವಾಗಲಿಲ್ಲ. ಹುಡುಗಾಟದ ವಯಸ್ಸಿನಲ್ಲಿ ದಿನಾ ಬೋಳಿಸುತ್ತಿದ್ದ ಮುಖ. ಅವರು ಅದನ್ನು ಮರೆತಿದ್ದರೂ ಬೆರಳುಗಳು ಮರೆತಿರಲಿಲ್ಲ.

ಐದು ಹೊಡೆಯಿತು. ಡಾಕ್ಟರು ಕೊನೆಯ ಗೊಂಬೆಯ ಡಬ್ಬಿಯನ್ನು ಎದೆಗವಚಿಕೊಂಡು ಗೇಟಿನ ಹೊರಗೆ ಕಾಲಿಟ್ಟಿದ್ದರು. ಮೇಷ್ಟ್ರು ತಣ್ಣಗಾದ ಕೆನ್ನೆ ಸವರಿಕೊಳ್ಳುತ್ತ ಒಳಗಿನಿಂದ ಬಂದರು. ಡಾಕ್ಟರು ಅವರನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಅವರ ಬಾಯಿ ಅವರ ರೋಗಿಗಳ ಬಾಯಿಯಂತೆಯೇ ತೆರೆದುಕೊಂಡಿತು.

"ಸಿಕ್ಕಿದ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. "ವಾಲಿದ ದವಡೆ! ಕಡಲೆಕಾಳಿನ ಗುಳಿ! ಇಷ್ಟು ದಿನ ಆ ಪೊದೆಯೊಳಗೆ ಅಡಗಿಸಿ ಇಟ್ಟಿದ್ರಾ ಮೇಷ್ಟ್ರೇ?"

ಡಬ್ಬಿ ಅಕ್ಕ ಯಂತ್ರಕ್ಕೆ ಹಾಕಬೇಕಿದ್ದ ಕಡೆಯ ತಲೆಯನ್ನು ತಂದು ಮೇಷ್ಟ್ರ ಕೆನ್ನೆಯ ಪಕ್ಕದಲ್ಲಿ ಹಿಡಿದಳು. ವಕೀಲಮ್ಮ ಗಡಿಯಾರ ನೋಡಿಕೊಂಡರು.

"ಐದಾಯ್ತು. ಈ ಮುಖ ಗೇಟು ದಾಟೋ ಹಾಗಿಲ್ಲ. ಒಳಗೆ ಇರೋ ಹಾಗೂ ಇಲ್ಲ."

ಮೇಷ್ಟ್ರು ತಮಗರಿವಿಲ್ಲದೆ ಅರೆಯುವ ಯಂತ್ರದಿಂದ ಎರಡು ಹೆಜ್ಜೆ ದೂರ ಸರಿದರು. "ಗಡ್ಡ ಮತ್ತೆ ಬೆಳೆಸ್ತೀನಿ ಮೇಡಂ."

"ಬೆಳೆಸಿದ್ರೆ ಅದು ನನ್ನದು," ಎಂದು ಯಜಮಾನರು ಸಹಿಯ ಕಾಗದವನ್ನು ಜೇಬಿಗೆ ಹಾಕಿಕೊಂಡರು.

"ಗಡ್ಡ ಇದ್ರೆ ಇವರದು, ಇಲ್ದಿದ್ರೆ ಸಿನಿಮಾದವರದು. ಮತ್ತೆ ನನ್ನದು ಯಾವುದು?"

ವಕೀಲಮ್ಮ ಮತ್ತೆ ಪೆನ್ನಿನ ಮುಚ್ಚಳ ತೆಗೆದು ಈ ಪ್ರಶ್ನೆಯನ್ನು ಬರೆದುಕೊಂಡರು. ಇತ್ಯರ್ಥವಾಗುವವರೆಗೆ ಮೇಷ್ಟ್ರು ಸಂಬಳವಿಲ್ಲದ ರಜೆಯ ಮೇಲೆ ಇರಬೇಕೆಂದೂ, ಮುಖ ಮುಚ್ಚಿಕೊಂಡು ಮನೆಗೆ ಹೋಗಬಹುದೆಂದೂ ತೀರ್ಮಾನವಾಯಿತು. ಖಾಲಿಯಾಗಲಿರುವ ಮೇಜನ್ನು ಮರುಕದಿಂದ ನೋಡುತ್ತ ಡಬ್ಬಿ ಅಕ್ಕ ತನ್ನಲ್ಲಿದ್ದ ದೊಡ್ಡ ಡಬ್ಬಿಯೊಂದನ್ನು ಅವರ ತಲೆಗೆ ಹಾಕಿದಳು. ಅದಕ್ಕೊಂದು ಪಾರದರ್ಶಕ ಹಾಳೆಯ ಕಿಟಕಿಯಿತ್ತು. ಕಿಟಕಿಯನ್ನು ಬೆನ್ನಿನ ಕಡೆ ತಿರುಗಿಸಿ, ಅಂಚಿಗೆಲ್ಲ ಅಭ್ಯಾಸಬಲದಿಂದ ಅಂಟು ಪಟ್ಟಿ ಹಚ್ಚಿದಳು.

ಡಾಕ್ಟರು ಮೇಷ್ಟ್ರ ಕೈ ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು. ಹಿಂದೆ ಬರುತ್ತಿದ್ದವರಿಗೆ ಕಿಟಕಿಯಲ್ಲಿ ಮೇಷ್ಟ್ರ ಬೋಳು ಹಿಂದಲೆ ಕಾಣುತ್ತಿತ್ತು. "ಎಡವಬೇಡಿ," ಎಂದು ಡಾಕ್ಟರು ಹೆಜ್ಜೆಹೆಜ್ಜೆಗೂ ಎಚ್ಚರಿಸುತ್ತಿದ್ದರು. "ಡಬ್ಬಿ ಮೂಲೆ ಜಜ್ಜಿ ಹೋಗುತ್ತೆ. ಮನೆಗೆ ಹೋದ್ಮೇಲೂ ಅಂಟು ಕೀಳಬೇಡಿ ಮೇಷ್ಟ್ರೇ. ನಿಮ್ಮಂಥದ್ದು ಜಗತ್ತಲ್ಲಿ ಒಂದೇ ಇರೋದು."

ಹೆಂಡತಿ ಬಾಗಿಲು ತೆರೆದಳು. ಡಬ್ಬಿಯ ಒಳಗಿನಿಂದ ಗಂಡನ ದನಿ ದಿನದ ಕತೆಯನ್ನೆಲ್ಲ ಹೇಳಿತು. ಕೊನೆಗೆ, "ನೀನಾದ್ರೂ ನೋಡೇ, ಇದು ನನ್ನ ಮುಖಾನೇ ತಾನೇ?" ಎಂದು ಅಳುಕುತ್ತ ಕೇಳಿತು.

ಅವಳು ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ ಕಿಟಕಿಯನ್ನು ಮುಂದಕ್ಕೆ ತಂದಳು. ಮದುವೆಯಾದ ಮೇಲೆ ಮೊದಲ ಸಲ ಗಂಡನ ಮುಖವನ್ನು ಪೂರ್ತಿಯಾಗಿ, ಬಹಳ ಹೊತ್ತು, ಹಾಳೆಗೆ ಮೂಗು ತಾಗಿಸಿ ನೋಡಿದಳು. ಆಮೇಲೆ ಕಿಟಕಿಯನ್ನು ಮತ್ತೆ ಹಿಂದಕ್ಕೆ ತಿರುಗಿಸಿದಳು.

"ಒಳಗೆ ಬನ್ನಿ, ಊಟ ಮಾಡಿ," ಎಂದಳು. "ಆದ್ರೆ ಡಾಕ್ಟ್ರು ಹೇಳಿದ್ದು ಸರಿ ಕಣ್ರೀ. ಅಂಟು ಕೀಳಬೇಡಿ."